ನೆನಪುಂಟು ಅಣ್ಣಾ

ಮೊನ್ನೆ ಭಾನುವಾರದಿಂದ ‘ಮು’ ಅಂತ ಶುರುವಾಗುವ ಯಾವ ಶಬ್ದ ಕೇಳಿದರೂ ನನಗೆ ಮೈ ಉರಿಯುತ್ತದೆ. ಮುಳ್ಳುಸೌತೆ ಬೇಡ, ಮುರುಕು ಬೇಡ, ಮುಳ್ಳೇರಿಯದ ಬಸ್ಸೂ ಬೇಡ.

ಕುಂಬಳೆ ಕಡೆ ಒಂದು ಹೊಸ ಮದುವೆ ಹಾಲ್. ವಯರಿಂಗ್ ನನ್ನದು. ಧಣಿಗಳು ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದವರು. ಗೋಡೆ ತುಂಬ ಸ್ವಿಚ್ಚು ಬೇಡ, ಅಲ್ಲಿನ ಹಾಗೆ ಸಣ್ಣ ಸಣ್ಣ ಬಟನ್ ಸಾಕು ಅಂದರು. ಅಂದರೆ ರಿಲೇ ಪ್ಯಾನೆಲ್. ರಿಲೇ ಅಂದರೆ ಸಣ್ಣ ಕರೆಂಟಿನ ಮಾತು ಕೇಳಿ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು. ವೇದಿಕೆಯ ಹಿಂದಿನ ಕೋಣೆಯಲ್ಲಿ ಒಂದು ತಗಡಿನ ಪೆಟ್ಟಿಗೆ, ನಡುವೆ ಅಡ್ಡ ತಗಡು. ಒಂದು ಕಡೆ 230 ವೋಲ್ಟ್, ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರಿನಿಂದ ಇಳಿದು ಬಂದ 24 ವೋಲ್ಟ್. ಗೋಡೆಯ ಬಟನ್‌ವರೆಗೆ ಹೋಗುವುದು ಆ 24 ಮಾತ್ರ, ಅದೂ ಟೆಲಿಫೋನಿನ ವಯರಿನಷ್ಟು ಸಪೂರ ವಯರಿನಲ್ಲಿ. ಒತ್ತಿದರೆ ಪೆಟ್ಟಿಗೆಯೊಳಗೆ ರಿಲೇ ‘ಟಕ್’ ಅನ್ನುತ್ತದೆ, ಲೈಟ್ ಉರಿಯುತ್ತದೆ. ಮತ್ತೆ ಒತ್ತಿದರೆ ಮತ್ತೆ ‘ಟಕ್’, ಆರುತ್ತದೆ. ಆಟಿಯ ಮಳೆಗೆ ಗೋಡೆಯೇ ಬೆವರುವ ನಮ್ಮ ಊರಿಗೆ ಇದು ಒಳ್ಳೆಯದೇ.

ಈ ರಿಲೇಗೆ ಇನ್ನೊಂದು ಗುಣ ಉಂಟು. ಕರೆಂಟ್ ಹೋದರೂ ಇದ್ದ ಹಾಗೇ ಕೂತಿರುತ್ತದೆ. ಕರೆಂಟ್ ಬಂದ ಕೂಡಲೇ, ಮೊದಲು ಉರಿಯುತ್ತಿದ್ದ ಲೈಟೇ ಉರಿಯುತ್ತದೆ, ಆರಿದ್ದು ಆರಿಯೇ ಇರುತ್ತದೆ. ಹೆಬ್ಬೆರಳಿನಷ್ಟು ದೊಡ್ಡ ವಸ್ತುವಿಗೆ ಅಷ್ಟು ನೆನಪು! ನನ್ನ ಹೆಲ್ಪರ್‌ಗೂ ಭಾರೀ ನೆನಪಂತೆ. ಅವನೇ ಹೇಳಿದ್ದು.

ಒಳ್ಳೆಯ ಹುಡುಗ. ಮುರಕಲ್ಲಿನ ಗೋಡೆ ಕೊರೆಯಲು ಅವನಷ್ಟು ಗಟ್ಟಿ ಕೈ ಇನ್ನೊಬ್ಬರದಿಲ್ಲ. ಆದರೆ ವಯರಿಗೆ ಗುರುತು ಹಾಕು ಅಂದರೆ ಒಂದೇ ಉತ್ತರ, “ನೆನಪುಂಟು ಅಣ್ಣಾ.” 24 ಬಟನ್, 24 ವಯರ್, ಎಲ್ಲವೂ ಒಂದೇ ಬೂದು ಬಣ್ಣ. ಯಾವುದು ಯಾವುದೋ? “ನೆನಪುಂಟು ಅಣ್ಣಾ.” ವಯರಿಗೆ ಸಿಕ್ಕಿಸುವ ನಂಬರ್ ರಿಂಗಿನ ಪ್ಯಾಕೆಟ್ ತಂದುಕೊಟ್ಟೆ. ಅದರಲ್ಲಿ 7 ಮಾತ್ರ ಖಾಲಿಯಾಯಿತು. ಎಲ್ಲಿ ಹೋಯ್ತೆಂದರೆ, ಅವನ ಬೈಕಿನ ಕೀಲಿಗೆ. ಲಕ್ಕಿ ನಂಬರಂತೆ.

ಕೊನೆಗೆ ನಾನು ದನಿ ಏರಿಸಿದ್ದಕ್ಕೆ ಬಿಳಿ ಟೇಪ್ ಸುತ್ತಿ ಒಂದೊಂದೇ ಅಕ್ಷರ ಬರೆದ. ಪೂರ್ತಿ ಬರೆಯಲು ಜಾಗ ಇಲ್ವಂತೆ. ಅಕ್ಷರ ಕನ್ನಡದ್ದೇ. ಭಾಷೆ ಮಾತ್ರ ಆ ಹೊತ್ತಿಗೆ ಬಾಯಲ್ಲಿ ಯಾವುದಿತ್ತೋ ಅದು. ಬೆಳಿಗ್ಗೆ ನನ್ನ ಜೊತೆ ಕನ್ನಡ, ಮಧ್ಯಾಹ್ನ ಮನೆಗೆ ಫೋನ್ ಮಾಡಿದ ಮೇಲೆ ತುಳು, ಸಂಜೆ ಟೈಲ್ಸಿನವರ ಜೊತೆ ಚಾ ಕುಡಿದ ಮೇಲೆ ಮಲಯಾಳ. ಹಾಗಾಗಿ ಕೆಳಗಿನ ಲೈಟುಗಳಿಗೆ ಒಂದು ಕಡೆ ‘ಕೆ’, ಇನ್ನೊಂದು ಕಡೆ ‘ತಿ’, ಅಂದರೆ ತಿರ್ತ್, ಮತ್ತೊಂದು ಕಡೆ ‘ತಾ’, ಅಂದರೆ ತಾಳೆ. ಜಗಳ ಇಲ್ಲದ್ದು ‘ಅ’ ಒಂದೇ. ಅಡುಗೆ, ಅಟಿಲ್, ಅಡುಕ್ಕಳ. ಮೂರು ಭಾಷೆಯೂ ಅಡುಗೆಮನೆಯಲ್ಲಿ ಒಟ್ಟಾಗಿ ಕೂತಿತ್ತು.

ಎಡವಟ್ಟಾದದ್ದು ‘ಮು’ವಿನಲ್ಲಿ. ಎರಡು ವಯರಿಗೆ ‘ಮು’ ಅಂತ ಇತ್ತು. ಒಂದು ‘ಮುಂದೆ’, ಅಂದರೆ ಗೇಟಿನ ಪಕ್ಕದ ಕಮಾನು. ಇನ್ನೊಂದು ‘ಮುಕಳಿಲ್’. ಮಲಯಾಳದಲ್ಲಿ ಮೇಲೆ, ಅಂದರೆ ಮೇಲಿನ ಹೆಣ್ಣಿನ ಕೋಣೆ. ಯಾವುದು ಯಾವುದೆಂದು ಕೇಳದೆ ಅಂದಾಜಿಗೆ ಸಿಕ್ಕಿಸಿದೆ, ಅದಲು ಬದಲಾಯಿತು. ಟೆಸ್ಟ್ ಮಾಡಬೇಕಿತ್ತು, ಒಪ್ಪುತ್ತೇನೆ. ಶನಿವಾರದಿಂದ ಕರೆಂಟ್ ಇರಲಿಲ್ಲ. ಭಾನುವಾರ ಸಂಜೆ ಕರೆಂಟೂ ಬಂತು, ನಿಶ್ಚಿತಾರ್ಥದ ನೆಂಟರೂ ಬಂದರು.

ಧಣಿಗಳು ಬಾಗಿಲ ಹತ್ತಿರ ನಿಂತು ಕಮಾನಿನ ಬಟನ್ ಒತ್ತಿದರು. ಕಮಾನು ಕತ್ತಲೆ. ಮೇಲೆ ಹೆಣ್ಣಿನ ಕೋಣೆಯಲ್ಲಿ ಲೈಟ್ ಉರಿಯಿತು. ಅಲ್ಲಿ ಸೀರೆ ಉಡುತ್ತಿದ್ದ ಹೆಣ್ಣಿನ ಅತ್ತೆಗೆ ಗಾಬರಿ, ಕಿಟಕಿಗೆ ಇನ್ನೂ ಪರದೆ ಹಾಕಿಲ್ಲ. ಅವರು ಓಡಿ ಕೋಣೆಯ ಬಟನ್ ಒತ್ತಿದರು. ಕಮಾನು ಜಗ್ಗನೆ ಬೆಳಗಿತು. ಧಣಿಗಳಿಗೆ ಖುಷಿ, ತಡವಾಗಿ ಉರಿಯಿತು ಅಂದುಕೊಂಡು ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ಒತ್ತಿದರು. ಮೇಲೆ ಲೈಟ್ ಆರಿತು. ಅತ್ತೆಗೆ ಈಗ ಸೀರೆಯ ಸೆರಗೇ ಕಾಣುವುದಿಲ್ಲ, ಮತ್ತೆ ಒತ್ತಿದರು. ಕಮಾನು ಆರಿತು. ಧಣಿಗಳು ಒತ್ತಿದರು. ಹೀಗೆ ಐದು ನಿಮಿಷ. ಪ್ಯಾನೆಲ್ ಕೋಣೆಯಲ್ಲಿ ನಾನು ‘ಟಕ್ ಟಕ್ ಟಕ್’ ಕೇಳುತ್ತಾ ರಿಲೇ ಹಾಳಾಯಿತೆಂದು ತಲೆಗೆ ಕೈ ಹಚ್ಚಿ ಕೂತಿದ್ದೆ. ದಾರಿಯಲ್ಲಿ ಹೋಗುವವರು ಇದು ಹೊಸ ನಮೂನೆಯ ಸೀರಿಯಲ್ ಲೈಟೆಂದು ಬೈಕ್ ನಿಲ್ಲಿಸಿ ನೋಡುತ್ತಿದ್ದರಂತೆ.

ಕೊನೆಗೆ ಅತ್ತೆಯವರು ಕಿಟಕಿಯಲ್ಲಿ ತಲೆ ಮಾತ್ರ ಹೊರಗೆ ಹಾಕಿ, “ಯಾರದು ಕರೆಂಟಿನ ಜೊತೆ ಆಡುವುದು?” ಅಂತ ಕೂಗಿದರು. ಧಣಿಗಳು ನನ್ನನ್ನು ಹುಡುಕಿಕೊಂಡು ಬಂದರು. ಎರಡು ವಯರ್ ಅದಲು ಬದಲು ಮಾಡಲು ಹಿಡಿದದ್ದು ಎರಡು ನಿಮಿಷ. ಬೈಗುಳಕ್ಕೆ ಜಾಸ್ತಿ ಹಿಡಿಯಿತು. ಅವನೋ, ಪಾಯಸದ ಲೋಟ ಹಿಡಿದು ಬಂದು, “ಮುಕಳಿಲ್ ಯಾವುದೆಂದು ನನಗೆ ನೆನಪಿತ್ತು ಅಣ್ಣಾ, ನೀವು ಕೇಳಲೇ ಇಲ್ಲ” ಅಂದ.

ರಾತ್ರಿ ಮನೆಗೆ ಬಂದೆ. ಇಲ್ಲೂ ಕರೆಂಟ್ ಇಲ್ಲ. ಕತ್ತಲಲ್ಲಿ ಕೈ ತಾನಾಗಿ ಬಾಗಿಲ ಬಲಬದಿಗೆ ಹೋಯಿತು. ಅಲ್ಲಿ ಹಿಂದೆ ಒಂದು ಕಪ್ಪು ಉರುಟು ಸ್ವಿಚ್ ಇತ್ತು. ಮರದ ಹಲಗೆಯ ಮೇಲೆ ಅಪ್ಪ ಕೂರಿಸಿದ್ದು. ಒಂದು ಸ್ವಿಚ್, ಒಂದು ಬಲ್ಬ್, ಅಷ್ಟೇ. ಆ ಗೋಡೆ ಕೆಡವಿ ಹೊಸತು ಕಟ್ಟಿ ಹನ್ನೊಂದು ವರ್ಷವಾಯಿತು, ಸ್ವಿಚ್ಚು ಈಗ ಎಡಬದಿಗಿದೆ. ಕೈಗೆ ಅದು ಇನ್ನೂ ತಿಳಿದಿಲ್ಲ.

ಸೋಮವಾರ ಇಬ್ಬರೂ ಕೂತು ಮಲ್ಟಿಮೀಟರ್ ಹಿಡಿದು ಎಲ್ಲ ವಯರನ್ನೂ ಪತ್ತೆ ಮಾಡಿ ನಂಬರ್ ರಿಂಗ್ ಹಾಕಿದೆವು. 7 ಅವನ ಕೀಲಿಯಿಂದ ವಾಪಸ್ ಬಂತು. ಎಲ್ಲ ಬಟನ್‌ಗೂ ಸೇರಿದ ಕಾಮನ್ ವಯರ್ ಬಿಟ್ಟು 24 ಇರಬೇಕು. ಎಣಿಸಿದರೆ 25. ಆ ಒಂದು ವಯರ್ ಗೋಡೆಯೊಳಗೆ ಹೋಗುತ್ತದೆ, ಎಲ್ಲಿಗೆಂದು ದೇವರೇ ಬಲ್ಲ. ಯಾವ ಬಟನ್ ಒತ್ತಿದರೂ ಅದು ಮಿಸುಕಾಡುವುದಿಲ್ಲ.

“ಇದು ಯಾವುದೋ?”

ಅವನು ಬಾಯಿ ತೆರೆದ. ನನ್ನ ಮುಖ ನೋಡಿ ಮುಚ್ಚಿದ.

ತುದಿಗೆ ಟೇಪ್ ಸುತ್ತಿ ನಾನೇ ‘ಗೊತ್ತಿಲ್ಲ’ ಅಂತ ಪೂರ್ತಿ ಬರೆದೆ. ಅವನು ಪೆನ್ನು ತೆಗೆದುಕೊಂಡು ಅದರ ಕೆಳಗೆ ‘ಅರಿಯಿಲ್ಲ’ ಅಂತ ಮಲಯಾಳದಲ್ಲೂ ಬರೆದ. ಆಮೇಲೆ ವಯರನ್ನು ತಿರುಗಿಸಿ, ಟೇಪಿನ ಹಿಂಬದಿಯಲ್ಲಿ ತುಳುವಿಗೆ ಜಾಗ ಹುಡುಕತೊಡಗಿದ.