ಹೋಗಿ ಬರ್ತೀನಿ ಅಂದವನು ಬಂದೇ ಬಿಟ್ಟೆ

ನಮ್ಮ ಕಡೆ ಯಾರ ಮನೆಯಿಂದ ಹೊರಡುವಾಗಲೂ ‘ಹೋಗ್ತೀನಿ’ ಅನ್ನುವ ಹಾಗಿಲ್ಲ, ‘ಹೋಗಿ ಬರ್ತೀನಿ’ ಅನ್ನಬೇಕು. ಚಿಕ್ಕಂದಿನಲ್ಲಿ ಒಮ್ಮೆ ಬಾಯಿ ತಪ್ಪಿ ‘ಹೋಗ್ತೀನಿ’ ಅಂದದ್ದಕ್ಕೆ ಅಜ್ಜಿ ನನ್ನನ್ನು ಹೊಸಿಲಿನಿಂದ ವಾಪಸು ಕರೆದು, ಒಂದು ಲೋಟ ನೀರು ಕುಡಿಸಿ, ಮಾತು ತಿದ್ದಿಸಿ ಕಳಿಸಿದ್ದಳು. ಆ ಮಾತಿಗೆ ಎಷ್ಟು ಶಕ್ತಿ ಇದೆ ಅನ್ನುವುದು ನನಗೆ ಮನದಟ್ಟಾದದ್ದು 2010ರ ಏಪ್ರಿಲ್‌ 15ರಂದು, ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಮಗ್ಗುಲಿನ ಹೌನ್ಸ್ಲೋದಲ್ಲಿ.

ಆಫೀಸಿನ ಕೆಲಸಕ್ಕೆ ಆರು ವಾರ ಹೋಗಿದ್ದೆ. ಹಿಂದಿನ ದಿನವೇ ಕಂಪನಿ ಕೊಟ್ಟಿದ್ದ ಫ್ಲ್ಯಾಟಿನ ಬೀಗದ ಕೈ ಒಪ್ಪಿಸಿ, ಕೊನೆಯ ರಾತ್ರಿಗೆ ಗೆಳೆಯನ ಮನೆ ಸೇರಿಕೊಂಡೆ. ಅವನ ಹೆಂಡತಿಯನ್ನು ನಾನು ಅತ್ತಿಗೆ ಅಂತಲೇ ಕರೆಯುವುದು. ಅವರು ಬೀಳ್ಕೊಡುಗೆಗೆ ಬಿಸಿಬೇಳೆ ಬಾತ್‌, ಬೂಂದಿ, ಶಾವಿಗೆ ಪಾಯಸ ಮಾಡಿದ್ದರು. ಬೆಳಿಗ್ಗೆ ಹೊರಡುವಾಗ ನನ್ನ ಹೆಂಡತಿಗೆ ಅಂತ ಅರಿಶಿನ ಕುಂಕುಮ, ಬ್ಲೌಸ್‌ ಪೀಸು ಕೊಟ್ಟರು. ನಾನು ಸಂಪ್ರದಾಯದಂತೆ ಅವರ ಐದು ವರ್ಷದ ಮಗನ ಕೈಗೆ ಹತ್ತು ಪೌಂಡಿನ ನೋಟು ತುರುಕಿದೆ. ‘ಅಯ್ಯೋ ಬೇಡ, ಯಾಕೆ’ ಅಂತ ಅವರು, ‘ಇರಲಿ ಬಿಡಿ’ ಅಂತ ನಾನು, ಎರಡು ಸುತ್ತು ಆಯಿತು. ‘ಹೋಗಿ ಬನ್ನಿ’ ಅಂದರು. ‘ಹೋಗಿ ಬರ್ತೀನಿ’ ಅಂದೆ.

ಮಧ್ಯಾಹ್ನ ಎರಡು ಗಂಟೆಗೆ ಬಂದೆ.

ಗೆಳೆಯ ಬಾಗಿಲು ತೆರೆದು ಏನೂ ಮಾತಾಡಲಿಲ್ಲ. ಆದರೆ ಒಳಗಿನಿಂದ ಯಾರೋ ‘ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ’ ಅಂದ ಹಾಗೆ ನನಗೆ ಕೇಳಿಸಿತು. ಯಾರೂ ಅಂದಿರಲಿಲ್ಲ. ಅತ್ತಿಗೆ ಅಷ್ಟು ಹೊತ್ತಿಗೆ ನಾನು ಮಲಗಿದ್ದ ಹಾಸಿಗೆಯ ಹೊದಿಕೆ, ದಿಂಬಿನ ಚೀಲ ಎಲ್ಲ ಒಗೆದು ಹಿತ್ತಲಲ್ಲಿ ಒಣಹಾಕಿದ್ದರು. ನಾನು ಸೂಟ್‌ಕೇಸು ಹಿಡಿದು ಅವುಗಳನ್ನೇ ನೋಡುತ್ತ ನಿಂತೆ.

ಆದದ್ದಿಷ್ಟು. ಐಸ್‌ಲ್ಯಾಂಡಿನಲ್ಲಿ ಹಿಮನದಿಯ ಕೆಳಗೆ ತನ್ನ ಪಾಡಿಗೆ ಮಲಗಿದ್ದ ಒಂದು ಜ್ವಾಲಾಮುಖಿ ಏಪ್ರಿಲ್‌ 14ರಂದು ಸಿಡಿದಿತ್ತು. ರಾತ್ರಿ ಪಾಯಸ ಕುಡಿಯುತ್ತ ಟಿವಿಯಲ್ಲಿ ಅದನ್ನು ನೋಡಿ ‘ಎಷ್ಟು ಚೆನ್ನಾಗಿದೆ ಅಲ್ವಾ’ ಅಂದಿದ್ದವನೂ ನಾನೇ. ಮರುದಿನ ಮಧ್ಯಾಹ್ನದ ಹೊತ್ತಿಗೆ ಇಂಗ್ಲೆಂಡಿನ ಆಕಾಶಕ್ಕೇ ಬೀಗ ಬಿತ್ತು. ಹೀಥ್ರೂವಿನ ಫಲಕದಲ್ಲಿ ದುಬೈ, ನ್ಯೂಯಾರ್ಕ್‌, ಬೆಂಗಳೂರು ಎಂಬ ಭೇದವಿಲ್ಲದೆ ಎಲ್ಲಕ್ಕೂ ‘ರದ್ದು’. ಕೌಂಟರಿನಾಕೆ ಹೋಟೆಲ್‌ ಹುಡುಕಿಕೊಂಡು ರಸೀದಿ ಇಟ್ಟುಕೊಳ್ಳಿ ಅಂದಳು. ಆ ಹೊತ್ತಿಗೆ ಸುತ್ತಮುತ್ತಲ ಹೋಟೆಲಿನ ಕೋಣೆಗಳೆಲ್ಲ ನನಗಿಂತ ಚುರುಕಾದವರ ಪಾಲಾಗಿದ್ದವು.

ಆ ಬೆಟ್ಟದ ಹೆಸರಿನದೇ ಒಂದು ಕಥೆ. ಎಯ್ಯಾಫ್ಯಾಟ್ಲಾಯೋಕುಟ್ಲ್‌. ಎತ್ತರ 1,651 ಮೀಟರು, ನಮ್ಮ ಮುಳ್ಳಯ್ಯನಗಿರಿಗಿಂತ ಕುಳ್ಳು. ಹೆಸರು ಮಾತ್ರ ಬಾಬಾಬುಡನ್‌ಗಿರಿಯ ಅಷ್ಟೂ ತಿರುವುಗಳನ್ನು ಒಂದೇ ಉಸಿರಿಗೆ ಹತ್ತಿಸುತ್ತದೆ. ಅಲ್ಲಿನ ಭಾಷೆಯಲ್ಲಿ ದ್ವೀಪ, ಬೆಟ್ಟ, ಹಿಮನದಿ ಮೂರನ್ನೂ ಸಮಾಸ ಮಾಡಿ ಒಂದೇ ಪದವಾಗಿಸಿದ್ದಾರೆ. ಕೇಶಿರಾಜ ಬದುಕಿದ್ದರೆ ಬೆನ್ನು ತಟ್ಟುತ್ತಿದ್ದ. ಟಿವಿಯವರು ಎರಡು ದಿನ ತಡವರಿಸಿ, ಮೂರನೆಯ ದಿನ ‘ಐಸ್‌ಲ್ಯಾಂಡಿನ ಜ್ವಾಲಾಮುಖಿ’ ಅಂದು ಕೈತೊಳೆದುಕೊಂಡರು. ಕೆಲವರು ಅದನ್ನು ‘ಇ-15’ ಅಂತ ಕರೆದರು, ಅಂದರೆ ಇಂಗ್ಲಿಷಿನ ‘ಇ’ ಮತ್ತು ಅದರ ಮುಂದೆ ಹದಿನೈದು ಅಕ್ಷರ. ತಿರುಮಕೂಡಲು ನರಸೀಪುರವನ್ನು ಟಿ. ನರಸೀಪುರ, ಹೆಗ್ಗಡದೇವನಕೋಟೆಯನ್ನು ಎಚ್‌.ಡಿ. ಕೋಟೆ ಮಾಡಿಕೊಂಡ ನಮಗೆ ಇದೇನು ಹೊಸದಲ್ಲ.

ಕಷ್ಟವಾದದ್ದು ಊರಿಗೆ ಸುದ್ದಿ ಮುಟ್ಟಿಸುವುದು. ಕಾಲಿಂಗ್‌ ಕಾರ್ಡ್‌ ಗೀಚಿ ಮೊದಲು ಅಮ್ಮನಿಗೆ ಫೋನ್‌ ಮಾಡಿದೆ.

“ವಿಮಾನ ಕ್ಯಾನ್ಸಲ್‌ ಆಯ್ತಮ್ಮಾ. ಆಕಾಶದಲ್ಲಿ ಬೂದಿ.”

“ಏನು?”

“ಬೂದಿ.”

“ಬೂದಿಗೆಲ್ಲಾ ವಿಮಾನ ನಿಲ್ಲಿಸ್ತಾರೇನೋ? ಒರೆಸಿಕೊಂಡು ಹೋಗಕ್ಕೆ ಹೇಳು!”

ಅವಳದೂ ತಪ್ಪಲ್ಲ. ನಮ್ಮ ಮನೆಯಲ್ಲಿ ಬೂದಿಗೆ ಒಳ್ಳೆಯ ಹೆಸರಿತ್ತು. ಸೌದೆ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಂಗಿನ ನಾರಿನಲ್ಲಿ ಅದ್ದಿ ಉಜ್ಜಿದರೆ ಮಸಿ ಹಿಡಿದ ತಪ್ಪಲೆ ಫಳಫಳ ಅನ್ನುತ್ತಿತ್ತು. ಕಾಳಿಗೆ ಹುಳ ಬೀಳದಂತೆ ಬೂದಿ, ಬದನೆ ಗಿಡಕ್ಕೆ ಬೂದಿ, ಹಣೆಗೂ ಬೂದಿ. ಇಂಥ ಸಾಧು ಪದಾರ್ಥ ವಿಮಾನ ಬೀಳಿಸುತ್ತದೆ ಅಂದರೆ ಯಾವ ತಾಯಿ ನಂಬುತ್ತಾಳೆ? “ಅಲ್ಲಿ ಕತ್ತಲೆ ಕವಿದಿದ್ಯಾ?” ಅಂತ ಕೇಳಿದಳು. ಕಿಟಕಿಯಾಚೆ ನೋಡಿದೆ. ಆರು ವಾರದಲ್ಲಿ ಒಂದು ದಿನವೂ ಕಾಣದಿದ್ದ ತೊಳೆದಿಟ್ಟಂಥ ನೀಲಿ ಆಕಾಶ, ಎಳೆ ಬಿಸಿಲು. ಎದುರು ಮನೆಯವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮೈ ಕಾಯಿಸುತ್ತಿದ್ದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಲ್ಲ, ಬಿಸಿಲಿದೆ” ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಜ ಹೇಳು, ಪಾಸ್‌ಪೋರ್ಟ್‌ ಕಳಕೊಂಡ್ಯಾ?” ಅಂದಳು.

ಎರಡನೆಯ ಫೋನು ಮೈಸೂರಿನ ಅತ್ತೆಗೆ. ಅಲ್ಲಿ ಸಮಸ್ಯೆ ಬೇರೆ. ಆ ವರ್ಷ ವೈಶಾಖ ಎರಡು ಬಂದಿತ್ತು. ಅಧಿಕ ಮಾಸ ಶುರುವಾದದ್ದು ಸರಿಯಾಗಿ ಏಪ್ರಿಲ್‌ 15ಕ್ಕೆ. ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು 33 ಕಜ್ಜಾಯ ದಾನ ಕೊಡುವುದು ಅವರ ಮನೆಯ ಪದ್ಧತಿ. ಆ ಭಾನುವಾರಕ್ಕೆ ಎಲ್ಲ ಗೊತ್ತಾಗಿ, ಅಕ್ಕಿ ನೆನೆಹಾಕುವ ಹಂತಕ್ಕೆ ಬಂದಿತ್ತು. “ಸಂವತ್ಸರದ ಹೆಸರೇ ವಿಕೃತಿ. ಅದರ ಮೇಲೆ ಅಧಿಕ ಮಾಸದ ಮೊದಲನೇ ದಿನವೇ ಹೊರಟಿದ್ದೀರಿ. ನಾನು ಬಾಯಿ ಬಿಟ್ಟು ಹೇಳಕ್ಕಾಗತ್ತಾ?” ಅಂದರು, ಬಾಯಿ ಬಿಟ್ಟು ಹೇಳಿ.

ಆದರೆ ಬೂದಿಯ ವಿಚಾರ ತಕ್ಷಣ ಅರ್ಥವಾದದ್ದು ಅವರೊಬ್ಬರಿಗೇ. ಇದು ಸೌದೆಯ ಬೂದಿಯಲ್ಲ, ಕಲ್ಲು, ಗಾಜಿನ ಪುಡಿ ಅಂತ ವಿವರಿಸಿದೆ. ಹಿಮ ಕರಗಿದ ನೀರು ಕುದಿಯುವ ಶಿಲಾರಸಕ್ಕೆ ಸೇರಿ, ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ ಸಿಡಿದು, ನುಣ್ಣಗಿನ ಗಾಜಿನ ಚೂರಾಗಿ ಕಿಲೋಮೀಟರುಗಟ್ಟಲೆ ಮೇಲೇಳುತ್ತದೆ. ಕಣ್ಣಿಗೂ ಕಾಣದು, ವಿಮಾನದ ರಾಡಾರಿಗೂ ಕಾಣದು. ಜೆಟ್‌ ಎಂಜಿನ್ನಿನ ಒಳಗಿನ ಕಾವು ಇದನ್ನು ಕರಗಿಸುವುದಕ್ಕೆ ಸಾಕು; ಕರಗಿದ್ದು ಒಳಗಿನ ರೆಕ್ಕೆಗಳಿಗೆ ಅಂಟಿ ಗಟ್ಟಿಯಾಗಿ ಗಾಳಿಯ ದಾರಿ ಮುಚ್ಚುತ್ತದೆ.

“ಓ, ಏರುಪಾಕ ಆಗಿ ಬಾಣಲೆಗೆ ಕಚ್ಚಿಕೊಳ್ಳತ್ತೆ ಅನ್ನಿ” ಅಂದರು ಅತ್ತೆ. ಐವತ್ತು ವರ್ಷ ಕಜ್ಜಾಯದ ಪಾಕ ಹದ ಮಾಡಿದವರು. ಅದಕ್ಕಿಂತ ಚೆನ್ನಾಗಿ ಹೇಳಿದವರನ್ನು ಆ ವಾರ ಬಿಬಿಸಿಯಲ್ಲೂ ನಾನು ಕಾಣಲಿಲ್ಲ.

ಇದು ಬರೀ ಹೆದರಿಕೆಯ ಮಾತೂ ಅಲ್ಲ. 1982ರ ಜೂನ್‌ 24ರಂದು ಲಂಡನ್ನಿನಿಂದ ಹೊರಟು ಬೊಂಬಾಯಿ, ಮದ್ರಾಸು, ಕೌಲಾಲಂಪುರ ದಾಟಿ ಬಂದಿದ್ದ ಬ್ರಿಟಿಷ್‌ ಏರ್‌ವೇಸಿನ ಜಂಬೋ ಜೆಟ್‌ ಜಾವಾದ ಹತ್ತಿರ ಗಲುಂಗುಂಗ್‌ ಜ್ವಾಲಾಮುಖಿಯ ಬೂದಿಗೆ ಸಿಕ್ಕಿತ್ತು. ನಾಲ್ಕಕ್ಕೆ ನಾಲ್ಕೂ ಎಂಜಿನ್‌ ಬಂದ್‌. ಕ್ಯಾಪ್ಟನ್‌ ಎರಿಕ್‌ ಮೂಡಿ ಪ್ರಯಾಣಿಕರಿಗೆ, ಒಂದು ಸಣ್ಣ ತೊಂದರೆಯಾಗಿದೆ, ನಾಲ್ಕೂ ಎಂಜಿನ್‌ ನಿಂತಿವೆ ಅಂತ ಘೋಷಿಸಿದರಂತೆ. ಆ ‘ಸಣ್ಣ’ ಎಂಬ ಪದದ ಧೈರ್ಯ ನೋಡಿ! ವಿಮಾನ ಕೆಳಗೆ ತೇಲಿ ಬೂದಿಯಿಂದ ಹೊರಬಂದ ಮೇಲೆ ಎಂಜಿನ್ನುಗಳು ಮತ್ತೆ ಹೊತ್ತಿಕೊಂಡವು, ಮುಂದಿನ ಗಾಜು ಉಜ್ಜಿಹೋಗಿ ಮಂಜಾಗಿದ್ದರೂ ಎಲ್ಲರೂ ಜಕಾರ್ತಾದಲ್ಲಿ ಕ್ಷೇಮವಾಗಿ ಇಳಿದರು. ಈ ಕಥೆಯನ್ನು ಅಮ್ಮನಿಗೆ ಹೇಳಿದ್ದು ನನ್ನ ತಪ್ಪು. ಮರುದಿನದಿಂದ ಅವಳದು ಒಂದೇ ರಾಗ, “ಹಡಗಲ್ಲಿ ಬಾ.”

ಹೌನ್ಸ್ಲೋ ಅಂದರೆ ವಿಮಾನಗಳು ಚಾವಣಿ ಸವರಿಕೊಂಡು ಇಳಿಯುವ ಊರು. ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಅಲ್ಲಿನವರು ಮಾತಿನ ಮಧ್ಯೆ ತಾವಾಗಿಯೇ ನಿಲ್ಲಿಸಿ, ಶಬ್ದ ಹೋದ ಮೇಲೆ ಅದೇ ಪದದಿಂದ ಮುಂದುವರಿಸುತ್ತಾರೆ. ಈಗ ಪೂರ್ತಿ ಮೌನ. ಹಕ್ಕಿ ಕೂಗುವುದು ಕೇಳುತ್ತಿತ್ತು. ನೆಮ್ಮದಿಯಾಗಿ ಮಲಗಬಹುದು ಅಂದುಕೊಂಡರೆ ಗೆಳೆಯನಿಗೆ ನಿದ್ದೆಯೇ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಕೂತಿದ್ದ. “ಏನೋ ಆಗಬಾರದ್ದು ಆದ ಹಾಗಿದೆ ಕಣೋ” ಅಂದ. ನಾನಿನ್ನೂ ಅವನ ಮನೆಯಲ್ಲೇ ಇದ್ದೆನಲ್ಲ, ಯಾವುದರ ಬಗ್ಗೆ ಅಂದನೋ ತಿಳಿಯಲಿಲ್ಲ.

ಭಾನುವಾರ, 18ನೇ ತಾರೀಕು, ಎರಡನೆಯ ಪ್ರಯತ್ನ. ಟಿಕೆಟ್‌ ಆ ದಿನಕ್ಕೆ ಬದಲಾಗಿದೆ ಅಂತ ಮೆಸೇಜು ಬಂದಿತ್ತು. ಸಹಾಯವಾಣಿಯಲ್ಲಿ ಒಂದೂವರೆ ಗಂಟೆ ಪಿಟೀಲು ಕೇಳಿದ್ದು ಬಿಟ್ಟರೆ ಬೇರೆ ಮಾಹಿತಿ ಇರಲಿಲ್ಲ, ಹೋಗಿ ನೋಡುವುದೇ ವಾಸಿ ಅಂತ ಹೊರಟೆ. ಮತ್ತೆ ಬಾಗಿಲಲ್ಲಿ ಕುಂಕುಮ. ಮತ್ತೆ ಹುಡುಗನ ಕೈಗೆ ಹತ್ತು ಪೌಂಡು. ಈ ಸಲ ‘ಬೇಡ, ಯಾಕೆ’ ಒಂದೇ ಸುತ್ತು. ಸಂಜೆ ಐದಕ್ಕೆ ವಾಪಸು. ಹುಡುಗ ಮಾತ್ರ ಕುಣಿದಾಡಿದ.

ಅತಿಥಿ ಅಂದರೆ ತಿಥಿ ಗೊತ್ತುಪಡಿಸದೆ ಬರುವವನು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಬರುವುದಕ್ಕಿರಲಿ, ಹೋಗುವುದಕ್ಕೂ ತಿಥಿಯಿಲ್ಲದವನು ನಾನು. ಊಟದಲ್ಲಿ ಇದು ಗೊತ್ತಾಗುತ್ತಿತ್ತು. ಬಿಸಿಬೇಳೆ ಬಾತಿನಿಂದ ಇಳಿದು ಚಪಾತಿ ಪಲ್ಯ, ಅಲ್ಲಿಂದ ಚಿತ್ರಾನ್ನ, ಸೋಮವಾರಕ್ಕೆ ‘ಬ್ರೆಡ್‌ ಇದೆ, ಏನು ಬೇಕೋ ಮಾಡ್ಕೊಳ್ಳಿ.’ ನಾನು ತಾನಾಗಿಯೇ ಪಾತ್ರೆ ತೊಳೆಯಲು ಶುರು ಮಾಡಿದೆ. ಅದನ್ನು ಕೇಳಿದ ಅಮ್ಮ, “ಅಷ್ಟೊಂದು ಬೂದಿ ಇದೆ ಅಂತೀಯಲ್ಲ, ತಂದುಕೋ” ಅಂದಳು.

ಸೂಟ್‌ಕೇಸಿನದು ಇನ್ನೊಂದು ಅಧೋಗತಿ. ಬಚ್ಚಲಿನ ತೂಕದ ಯಂತ್ರದ ಮೇಲೆ ನಾನೊಮ್ಮೆ ನಿಂತು, ಸೂಟ್‌ಕೇಸು ತಬ್ಬಿಕೊಂಡು ಇನ್ನೊಮ್ಮೆ ನಿಂತು, ಕಳೆಯುವ ಲೆಕ್ಕ ಮಾಡಿ 23 ಕಿಲೋಗೆ ಸರಿಯಾಗಿ ಕಟ್ಟಿದ್ದೆ. ಒಳಗೆ ಊರಿನ ಇಪ್ಪತ್ತು ಮನೆಗೆ ಹಂಚಬೇಕಾದ ಚಾಕಲೇಟು. ಬಟ್ಟೆಗೆಂದು ತೆರೆದಾಗಲೆಲ್ಲ ಹುಡುಗ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದ. ಮೊದಲ ದಿನ ಚಿಕ್ಕಪ್ಪನ ಪಾಲು ಹೋಯಿತು, ಆಮೇಲೆ ಓನರ್‌ ಆಂಟಿಯದು, ಆಮೇಲೆ ನಮ್ಮ ಮ್ಯಾನೇಜರದು. ಕೊನೆಯದಕ್ಕೆ ನನಗೇನೂ ಬೇಸರವಾಗಲಿಲ್ಲ. ಅವರು ದಿನಾ ಮೇಲ್‌ ಹಾಕಿ, ಬೂದಿ ಯಾವತ್ತು ಮುಗಿಯುತ್ತದೆಂದು ಖಚಿತ ದಿನಾಂಕ ಕೊಡು ಅನ್ನುತ್ತಿದ್ದರು.

ನನ್ನಂಥವರು ಲೋಕದ ತುಂಬ ಇದ್ದರು ಅನ್ನುವುದೊಂದೇ ಸಮಾಧಾನ. ಸುಮಾರು 1 ಲಕ್ಷ ವಿಮಾನ ಯಾನಗಳು ರದ್ದಾಗಿದ್ದವು. ಬಾರ್ಸಿಲೋನಾದ ಫುಟ್‌ಬಾಲ್‌ ತಂಡ ಬಸ್ಸಿನಲ್ಲಿ ಮಿಲಾನಿಗೆ ಹೋಗಿ ಪಂದ್ಯ 3-1ರಲ್ಲಿ ಸೋತು ಬಂತು. ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನಲ್ಲಿ ಬೆನ್ನು ಮುರಿಸಿಕೊಂಡ ನನಗೆ ಅವರ ಮೇಲೆ ಅಯ್ಯೋ ಅನ್ನಿಸಿತು. ನಟ ಜಾನ್‌ ಕ್ಲೀಸ್‌ ಓಸ್ಲೋದಿಂದ ಬ್ರಸೆಲ್ಸಿಗೆ ಟ್ಯಾಕ್ಸಿ ಮಾಡಿಸಿಕೊಂಡರು. ಜರ್ಮನಿಯ ಚಾನ್ಸೆಲರ್‌ ಆಂಗೆಲಾ ಮರ್ಕೆಲ್‌ ಅಮೆರಿಕದಿಂದ ಬರುತ್ತ ಲಿಸ್ಬನ್ನಿನಲ್ಲಿ ಇಳಿದು, ರೋಮ್‌ ಸುತ್ತಿ, ರಸ್ತೆ ಹಿಡಿದು ಮನೆ ಸೇರಿದರು. ಪುಣ್ಯವಂತೆ, ಗೆಳತಿಯ ಮನೆಯಲ್ಲಿ ಪಾತ್ರೆ ತೊಳೆಯುವ ಪ್ರಸಂಗ ಬರಲಿಲ್ಲ.

ಅದುವರೆಗೆ ಬೂದಿ ಇದ್ದಲ್ಲಿ ವಿಮಾನ ಹೋಗಲೇಬಾರದು ಅನ್ನುವುದು ನಿಯಮ. ವಿಮಾನ ಸಂಸ್ಥೆಗಳು ಖಾಲಿ ವಿಮಾನ ಹಾರಿಸಿ ನೋಡಿ ಗಲಾಟೆ ಮಾಡಿದ ಮೇಲೆ, 20ನೇ ತಾರೀಕು ಮಂಗಳವಾರ ರಾತ್ರಿ ಆಕಾಶದ ಬೀಗ ತೆಗೆದರು. ಘನ ಮೀಟರಿಗೆ 2 ಮಿಲಿಗ್ರಾಂವರೆಗಿನ ಬೂದಿ ಸಹಿಸಬಹುದು ಅಂತ ಹೊಸ ಮಿತಿ. ಮೊದಲ ವಿಮಾನ ಮನೆಯ ಮೇಲೆ ಗುಡುಗಿದಾಗ ಗೆಳೆಯ ಸೋಫಾದಲ್ಲೇ ಗೊರಕೆ ಹೊಡೆದ. ಅತ್ತಿಗೆಯ ಮುಖದಲ್ಲಿ ಆರು ದಿನದ ಮೇಲೆ ನಗು ಕಂಡಿತು.

ಹಿಂದೆ ಬಿದ್ದವರ ಸಾಲು ಕರಗಿ ನನಗೆ ಸೀಟು ಸಿಕ್ಕಿದ್ದು 24ರ ಶನಿವಾರಕ್ಕೆ. ಅಧಿಕ ಮಾಸ ಮುಗಿಯಲು ಇನ್ನೂ ಇಪ್ಪತ್ತು ದಿನ ಇತ್ತು, ಕಜ್ಜಾಯಕ್ಕೆ ಮೋಸವಿಲ್ಲ. ಸೂಟ್‌ಕೇಸು ತೂಗಿದೆ: 19 ಕಿಲೋ. ಬಾಗಿಲಲ್ಲಿ ಮೂರನೆಯ ಸಲ ಕುಂಕುಮ ಹಿಡಿದು ನಿಂತ ಅತ್ತಿಗೆಗೆ ಅಭ್ಯಾಸದಂತೆ “ಹೋಗಿ ಬರ್ತೀನಿ” ಅಂದೆ. ಅವರು ಬಾಯಿ ತೆರೆದರು, ಏನೋ ನೆನಪಾಗಿ ನಿಲ್ಲಿಸಿದರು, ಆಮೇಲೆ ಒಂದೊಂದೇ ಪದ ತೂಗಿ, “ತಲುಪಿದ ತಕ್ಷಣ ಫೋನ್‌ ಮಾಡಿ” ಅಂದರು.

ಹುಡುಗ ಮಾತ್ರ ಕೈ ಚಾಚಿಕೊಂಡು ಬಂದು ಮನಸಾರೆ ಹಾರೈಸಿದ: “ಹೋಗಿ ಬನ್ನಿ, ಅಂಕಲ್‌!”