ಮುಚ್ಚಿದ ಬಾಗಿಲಿನ ಹಿಂದೆ ಕೆಲಸ ಮಾಡುವವರಿಗೆ ಒಂದು ಸಂಘ

ಮಸಾಜ್ ಕಲಿತು ಆರು ತಿಂಗಳೂ ಆಗದ ಹುಡುಗಿಯೊಬ್ಬಳು ಕಳೆದ ವಾರ ಕೇಳಿದಳು: "ಅಕ್ಕಾ, ವರ್ಷ ವರ್ಷವೂ ಚಂದಾ ಕಟ್ಟಬೇಕಂತೆ. ಸಂಘಕ್ಕೆ ಸೇರಿದರೆ ನನಗೇನು ಸಿಗುತ್ತದೆ?" ವಿಮೆ, ಪ್ರಮಾಣಪತ್ರ, ತರಬೇತಿ ಎಂದು ನಾಲ್ಕು ಮಾತು ಹೇಳಿ ಕಳುಹಿಸಿದೆ. ಮನೆಗೆ ಬಂದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ 17 ವರ್ಷಗಳಿಂದ ನಾನು ಚಂದಾ ಕಟ್ಟುತ್ತಿರುವುದು ಅದಕ್ಕಾಗಿ ಅಲ್ಲ. ಅವಳಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಒಂಟಿ ಕೆಲಸ. ಒಂದು ಕೋಣೆ, ಒಂದು ಮೇಜು, ಮುಚ್ಚಿದ ಬಾಗಿಲು, ಹೊದಿಕೆಯ ಅಡಿಯಲ್ಲಿ ಬಟ್ಟೆ ಕಳಚಿ ಮಲಗಿದ ಅಪರಿಚಿತ ದೇಹ. ಆಸ್ಪತ್ರೆಯ ದಾದಿಗೆ ಅನುಮಾನ ಬಂದರೆ ಪಕ್ಕದ ಹಾಸಿಗೆಯ ಬಳಿ ಇನ್ನೊಬ್ಬ ದಾದಿ ಇರುತ್ತಾಳೆ. ನಮಗೆ ಅನುಮಾನ ಬಂದಾಗ ಕೋಣೆಯಲ್ಲಿ ಇರುವುದು ನಾವು ಮತ್ತು ನಮ್ಮನ್ನು ನಂಬಿ ಕಣ್ಣು ಮುಚ್ಚಿದ ಆ ವ್ಯಕ್ತಿ, ಇಬ್ಬರೇ.

ನಾನು ಕೆಲಸ ಆರಂಭಿಸಿದ ಎರಡನೆಯ ವರ್ಷ ಒಬ್ಬರು ಬಂದರು. ಮೀನಖಂಡ ಹಿಡಿದುಕೊಂಡಿದೆ, ಚೆನ್ನಾಗಿ ಒತ್ತಿ ಬಿಡಿಸಿ ಎಂದರು. ದೂರದ ಪ್ರಯಾಣ ಮುಗಿಸಿ ಎರಡು ದಿನವಾಗಿತ್ತಂತೆ. ಕೈಗೆ ಎಣ್ಣೆ ಹಚ್ಚಿಕೊಂಡು ಹೊದಿಕೆ ಸರಿಸಿದೆ. ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪವಾಗಿತ್ತು, ಚರ್ಮ ಬಿಗಿದು ಹೊಳೆಯುತ್ತಿತ್ತು. ಅಂಗೈ ಇಟ್ಟರೆ ಬೆಚ್ಚಗೆ ತಾಗಿತು. ಏನೋ ಸರಿಯಿಲ್ಲ ಎನ್ನಿಸಿತು, ಆದರೆ ಏನೆಂದು ಬಾಯಿಗೆ ಬರಲಿಲ್ಲ. ಎರಡು ನಿಮಿಷ ಎಂದು ಹೇಳಿ ಹೊರಗೆ ಬಂದು, ಸಂಘದ ಸಭೆಯಲ್ಲಿ ಪರಿಚಯವಾಗಿದ್ದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ. ಒಂದೇ ಕಾಲಿನಲ್ಲೋ? ಬಿಸಿ ಇದೆಯೋ? ಇತ್ತೀಚೆಗೆ ಬಹಳ ಹೊತ್ತು ಕುಳಿತಿದ್ದರೋ? ಆಮೇಲೆ, "ಕೈ ಹಚ್ಚಬೇಡಮ್ಮ, ಈಗಲೇ ಆಸ್ಪತ್ರೆಗೆ ಕಳುಹಿಸು" ಎಂದರು. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ನಾನು ಒತ್ತಿ ನೀವಿದ್ದರೆ ಆ ಗಡ್ಡೆ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದಿತ್ತು. ಈ ಪಾಠ ತರಗತಿಯಲ್ಲಿ ಆಗಿತ್ತು. ಎಣ್ಣೆ ಹಚ್ಚಿದ ಕೈಯಲ್ಲಿ, ಕಾಯುತ್ತಿರುವ ಗ್ರಾಹಕರ ಮುಂದೆ ನಿಂತಾಗ ಅದು ನೆನಪಿಗೆ ಬರಲಿಲ್ಲ. ಅಂದು ನನಗೆ ಬೇಕಾಗಿದ್ದದ್ದು ಫೋನ್ ಎತ್ತುವ ಒಬ್ಬ ಹಿರಿಯರು. ನಾನು ಕಟ್ಟಿದ ಚಂದಾದ ಬೆಲೆ ಅಲ್ಲಿಗೇ ತೀರಿತ್ತು.

ಇನ್ನೊಂದನ್ನು ಹೇಳಲು ಈಗಲೂ ಕಷ್ಟವಾಗುತ್ತದೆ. ಆಗ ನಾನು ಕೆಲಸಕ್ಕಿದ್ದ ಜಾಗದಲ್ಲಿ ಒಬ್ಬ ಗ್ರಾಹಕ ಕೇಳಬಾರದ್ದನ್ನು ಕೇಳಿದ. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ. "ಖಾಯಂ ಗಿರಾಕಿ, ಸ್ವಲ್ಪ ಹೊಂದಿಕೊಂಡು ಹೋಗಿ" ಎಂದರು ಅಲ್ಲಿನ ಮೇಲ್ವಿಚಾರಕರು. ನನ್ನ ಚೀಲದಲ್ಲಿ ಸಂಘದ ನೀತಿ ಸಂಹಿತೆಯ ಹಾಳೆ ಇತ್ತು. ಇಂಥ ಸಂದರ್ಭದಲ್ಲಿ ಸದಸ್ಯರು ಚಿಕಿತ್ಸೆಯನ್ನು ಅಲ್ಲಿಗೇ ನಿಲ್ಲಿಸಬೇಕು ಎಂಬ ಸಾಲನ್ನು ತೋರಿಸಿದೆ. "ಇದು ನನ್ನ ಮುಂಗೋಪವಲ್ಲ ಸರ್, ನನ್ನ ವೃತ್ತಿಯ ನಿಯಮ" ಎಂದೆ. ನನ್ನ ಧ್ವನಿ ನಡುಗುತ್ತಿತ್ತು. ಆದರೂ ಆ ಹಾಳೆ ಕೈಯಲ್ಲಿ ಇಲ್ಲದಿದ್ದರೆ ಅಷ್ಟನ್ನೂ ಹೇಳುತ್ತಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. "ಆಗುವುದಿಲ್ಲ" ಎಂಬ ಒಂದು ಪದವನ್ನು ಒಬ್ಬಳೇ ಹೇಳಿದರೆ ಹಟಮಾರಿತನ ಎನ್ನುತ್ತಾರೆ. ಸಾವಿರ ಜನ ಸೇರಿ ಮೊದಲೇ ಬರೆದಿಟ್ಟಿದ್ದರೆ ಅದು ಕಟ್ಟುಪಾಡು. ಸಂಘ ನನಗೆ ಕೊಟ್ಟದ್ದು ಆ ಪದವನ್ನು.

ನಮ್ಮ ವೃತ್ತಿಯ ಮೊದಲ ಆಧುನಿಕ ಸಂಘಗಳಲ್ಲೊಂದು ಹುಟ್ಟಿದ್ದು ಇದೇ ಸಂಕಟದಿಂದ. 1894ರಲ್ಲಿ ಲಂಡನ್ನಿನ ಕೆಲವು ಮಸಾಜ್ ಮನೆಗಳು ವೇಶ್ಯಾವಾಟಿಕೆಗೆ ಮರೆಯಾಗಿವೆ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್ ಬರೆಯಿತು. ನಿಜವಾಗಿ ರೋಗಿಗಳ ಕೈಕಾಲು ನೀವಿ ಬದುಕುತ್ತಿದ್ದ ಹೆಣ್ಣುಮಕ್ಕಳ ಮೇಲೂ ಅದೇ ಕೆಸರು ಹಾರಿತು. ಆಗ ಲೂಸಿ ರಾಬಿನ್ಸನ್, ರೋಸಲಿಂಡ್ ಪ್ಯಾಗೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಸೇರಿ 'ಸೊಸೈಟಿ ಆಫ್ ಟ್ರೇನ್ಡ್ ಮ್ಯಾಸೂಸಸ್', ಅಂದರೆ ತರಬೇತಿ ಪಡೆದ ಮಸಾಜ್ ಮಹಿಳೆಯರ ಸಂಘ, ಕಟ್ಟಿದರು. ವೈದ್ಯರು ಹೇಳದೆ ಮಸಾಜ್ ಮಾಡಬಾರದು, ವೈದ್ಯಕೀಯ ಪತ್ರಿಕೆ ಬಿಟ್ಟು ಬೇರೆಡೆ ಜಾಹೀರಾತು ಕೊಡಬಾರದು, ರೋಗಿಗಳಿಗೆ ಔಷಧ ಮಾರಬಾರದು ಎಂದು ಕಟ್ಟುನಿಟ್ಟು ಮಾಡಿಕೊಂಡರು, ಪರೀಕ್ಷೆ ಇಟ್ಟರು. ಗಂಡಸರಿಗೆ ಮಸಾಜ್ ಮಾಡುವುದಕ್ಕೂ ನಿರ್ಬಂಧವಿತ್ತು. ವೈದ್ಯರೇ ವಿಶೇಷವಾಗಿ ಕೇಳಿದ ತುರ್ತು ಸಂದರ್ಭಗಳಿಗಷ್ಟೇ ವಿನಾಯಿತಿ. ಇಂದು ಈ ನಿಯಮಗಳನ್ನು ಓದಿದರೆ ಉಸಿರು ಕಟ್ಟುತ್ತದೆ, ಒಪ್ಪುತ್ತೇನೆ. ಆದರೆ ತಮ್ಮ ಹೆಸರನ್ನು ಉಳಿಸಿಕೊಳ್ಳಲು ಅವರು ಸರ್ಕಾರವನ್ನು ಕಾಯದೆ ತಾವೇ ತಮಗೆ ಬೇಲಿ ಹಾಕಿಕೊಂಡರು. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಮುಂದಿನ ಕಥೆ ಸ್ವಲ್ಪ ನೋವಿನದು. ಅದೇ ಸಂಘಕ್ಕೆ 1920ರಲ್ಲಿ ರಾಜಸನ್ನದು ಸಿಕ್ಕಿತು. 1944ರಲ್ಲಿ ಅದು ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ ಆಯಿತು. ಮಸಾಜ್ ಎಂಬ ಪದವೇ ಹೆಸರಿನಿಂದ ಬಿದ್ದುಹೋಯಿತು. ಏಣಿ ಹತ್ತಿದವರು ಮೊದಲ ಮೆಟ್ಟಿಲನ್ನು ಮರೆತರೇನೋ ಎಂದು ನನಗೆ ಅನ್ನಿಸುತ್ತದೆ. ಅಮೆರಿಕದಲ್ಲಿ ಹೀಗಾಗಲಿಲ್ಲ. 1943ರಲ್ಲಿ ಶಿಕಾಗೋದಲ್ಲಿ ಆರಂಭವಾದ ಸಂಘ ಹೆಸರು ಬದಲಿಸಿಕೊಂಡರೂ ಮಸಾಜ್ ಎಂಬ ಪದವನ್ನು ಬಿಡಲಿಲ್ಲ. 1983ರಿಂದ ಅದು ಅಮೆರಿಕನ್ ಮಸಾಜ್ ಥೆರಪಿ ಅಸೋಸಿಯೇಷನ್.

ಸಂಘ ಮತ್ತು ಪರವಾನಗಿ ಮಂಡಳಿ ಎರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಒಂದೇ ಅಲ್ಲ. ಕೆನಡಾದ ಒಂಟಾರಿಯೊದಲ್ಲಿ ಇದು ಸ್ಪಷ್ಟವಾಗಿದೆ. ಅಲ್ಲಿ ಕಾಯಿದೆಯ ಪ್ರಕಾರ ರಚನೆಯಾದ ಕಾಲೇಜ್ ಆಫ್ ಮಸಾಜ್ ಥೆರಪಿಸ್ಟ್ಸ್ ಪಾಠ ಹೇಳುವ ಕಾಲೇಜಲ್ಲ, ಅದು ನೋಂದಣಿ ಮತ್ತು ಶಿಸ್ತಿನ ಮಂಡಳಿ. ಅದರ ಕೆಲಸ ಸಾರ್ವಜನಿಕರನ್ನು ಕಾಯುವುದು. ಥೆರಪಿಸ್ಟ್ ಹೆಸರನ್ನು ಅದರ ಪಟ್ಟಿಯಲ್ಲಿ ಯಾರು ಬೇಕಾದರೂ ಹುಡುಕಬಹುದು, ಶಿಸ್ತುಕ್ರಮ ನಡೆದಿದ್ದರೆ ಅದೂ ಕಾಣುತ್ತದೆ. ಥೆರಪಿಸ್ಟ್‌ಗಳ ಪರವಾಗಿ ಮಾತನಾಡಲು ಬೇರೆಯದೇ ಸಂಘವಿದೆ. ಎರಡೂ ಬೇಕು. ಒಂದೇ ಬಾಯಿ ವಾದಿಗೂ ಪ್ರತಿವಾದಿಗೂ ಮಾತನಾಡಲಾಗದು. ಮಂಡಳಿಯೇ ಇಲ್ಲದ ಕಡೆ ಸಂಘದ ಹೊಣೆ ದುಪ್ಪಟ್ಟಾಗುತ್ತದೆ, ಏಕೆಂದರೆ ನೊಂದ ಗ್ರಾಹಕರು ವೃತ್ತಿಯೊಳಗೆ ತಟ್ಟಬಹುದಾದ ಬಾಗಿಲು ಅದೊಂದೇ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಚಂದಾ ತೆಗೆದುಕೊಂಡು, ಚಿನ್ನದ ಅಂಚಿನ ಪ್ರಮಾಣಪತ್ರ ಕಳುಹಿಸಿ, ಸದಸ್ಯರ ಮೇಲೆ ದೂರು ಬಂದರೆ ಮೌನವಾಗುವ ಸಂಘಗಳಿವೆ. ಅವು ಸಂಘಗಳಲ್ಲ, ಅಂಗಡಿಗಳು. ಎರಡು ದಿನದ ಶಿಬಿರ ಮುಗಿಸಿದವರಿಗೂ, ವರ್ಷಗಟ್ಟಲೆ ಅಂಗರಚನೆ ಓದಿದವರಿಗೂ ಒಂದೇ ಪತ್ರ ಕೊಟ್ಟರೆ ಗ್ರಾಹಕರು ಯಾರನ್ನು ನಂಬಬೇಕು? ಕಲಿಕೆಯ ಅವಧಿಯ ವಿಷಯದಲ್ಲಿ ಕಾನೂನುಗಳಲ್ಲೇ ಒಮ್ಮತವಿಲ್ಲ. ಅಮೆರಿಕದ ಹಲವು ರಾಜ್ಯಗಳು ಪರವಾನಗಿಗೆ 500 ಗಂಟೆಗಳ ತರಬೇತಿ ಕೇಳಿದರೆ ನ್ಯೂಯಾರ್ಕ್ 1000 ಗಂಟೆ ಕೇಳುತ್ತದೆ. ಕೈಯಿಂದ ಆಳವಾಗಿ ಒತ್ತಿ ಮೈಯ ನಿಲುವನ್ನು ತಿದ್ದುವ ರಾಲ್ಫಿಂಗ್‌ನಂಥ ಕೆಲವು ಪದ್ಧತಿಗಳವರು ತಮ್ಮ ಹೆಸರನ್ನೇ ನೋಂದಾಯಿಸಿಕೊಂಡು, ತಮ್ಮಲ್ಲಿ ಕಲಿತವರಲ್ಲದೆ ಬೇರೆಯವರು ಅದನ್ನು ಬಳಸದಂತೆ ಮಾಡಿದ್ದಾರೆ. ಮಸಾಜ್ ಎಂಬ ಪದಕ್ಕೆ ಅಂಥ ಒಡೆಯರಿಲ್ಲ. ಆದ್ದರಿಂದಲೇ ಅದನ್ನು ಕಾಯುವ ಕೆಲಸ ನಮ್ಮೆಲ್ಲರದು.

ಹಾಗಾಗಿ ಸೇರುವ ಮೊದಲು ಕೇಳಿ: ಪದಾಧಿಕಾರಿಗಳನ್ನು ಆರಿಸುವವರು ಯಾರು, ನಮಗೆ ಮತವಿದೆಯೇ? ಸದಸ್ಯರ ಮೇಲಿನ ದೂರನ್ನು ವಿಚಾರಿಸುವವರು ಯಾರು, ತಪ್ಪು ಸಾಬೀತಾಗಿ ಯಾರನ್ನಾದರೂ ಹೊರಗೆ ಹಾಕಿದ್ದುಂಟೇ? ಲೆಕ್ಕಪತ್ರ ತೋರಿಸುತ್ತಾರೆಯೇ? ವಿಮೆಯ ಕಾಗದವನ್ನು ಕೊನೆಯ ಸಾಲಿನವರೆಗೂ ಓದಿ. ನೀವು ಮಾಡುವ ಚಿಕಿತ್ಸೆಯ ಹೆಸರು ಅದರಲ್ಲಿ ಇಲ್ಲದಿದ್ದರೆ ಅದು ನಿಮ್ಮನ್ನು ಕಾಯುವುದಿಲ್ಲ.

ಚಂದಾ ದುಬಾರಿ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ದುಡಿದದ್ದರಲ್ಲಿ ದೊಡ್ಡ ಪಾಲನ್ನು ಮಾಲೀಕರಿಗೆ ಬಿಟ್ಟುಕೊಡುವ ಹುಡುಗ ಹುಡುಗಿಯರಿಗೆ ಅದು ನಿಜವಾದ ಹೊರೆ. ಆದರೆ ಸಂಘದ ಅಗತ್ಯ ಅತಿ ಹೆಚ್ಚಾಗಿ ಇರುವುದು ಅವರಿಗೇ. ಮೊದಲ ವರ್ಷ ಚಂದಾ ಬೇಡ, ಆಮೇಲೆ ಕಂತಿನಲ್ಲಿ ಕಟ್ಟಲಿ ಎಂದು ನಮ್ಮ ಸಭೆಯಲ್ಲಿ ಎರಡು ಬಾರಿ ಕೇಳಿದ್ದೇನೆ. ಎರಡು ಬಾರಿಯೂ ಆಗಲಿಲ್ಲ. ಮೂರನೆಯ ಬಾರಿಯೂ ಕೇಳುತ್ತೇನೆ.

ಆ ಹುಡುಗಿ ನಿನ್ನೆ ಮತ್ತೆ ಬಂದಿದ್ದಳು. ಅರ್ಜಿ ತುಂಬುವಾಗ ಪೆನ್ನನ್ನು ತೋರುಬೆರಳು ಮಧ್ಯದ ಬೆರಳುಗಳ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದಳು. ಕೈ ತೋರಿಸು ಎಂದೆ. ಹೆಬ್ಬೆರಳ ಬುಡದ ಗಿಣ್ಣು ಆಗಲೇ ಊದಿಕೊಂಡಿತ್ತು. ದಿನಕ್ಕೆ ಏಳು ಜನರಂತೆ, ಎಲ್ಲರಿಗೂ ಹೆಬ್ಬೆರಳಿನಲ್ಲೇ ಒತ್ತುತ್ತಾಳಂತೆ. ಮೈಯ ಭಾರವನ್ನು ಮುಂಗೈಗೆ ಬಿಟ್ಟು ಮೊಣಕೈಯಿಂದ ಒತ್ತುವುದನ್ನು ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ. ಭಾನುವಾರದ ಸಭೆಗೆ ಒಂದು ಗಂಟೆ ಮೊದಲೇ ಬಾ ಎಂದು ಹೇಳಿದ್ದೇನೆ. ಮೇಜು ಹಾಕಿಸಿಡುತ್ತೇನೆ.