ಬರೆದದ್ದು ವಾಪಸ್ ಬರಬೇಕು

ಕಳೆದ ಜೂನ್‌ನಲ್ಲಿ ಉಡುಪಿಗೆ ಹೋಗಿದ್ದಾಗ ನನ್ನ ಮಗಳು ಕೇಳಿದ ಒಂದು ಪ್ರಶ್ನೆ ಇನ್ನೂ ಚುಚ್ಚುತ್ತಲೇ ಇದೆ. ಅಣ್ಣನ ಮಗಳು ಮಂಗಳೂರಿನ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ತನ್ನ ಪ್ರಾಜೆಕ್ಟ್ ರಿಪೋರ್ಟ್ ತಂದು ತೋರಿಸಿದಳು. ಕಪ್ಪು ರೆಕ್ಸಿನ್ ಬೈಂಡು, ಮೇಲೆ ಬಂಗಾರದ ಬಣ್ಣದ ಅಕ್ಷರ. ಅತ್ತಿಗೆ ಅದನ್ನು ಮೊದಲು ದೇವರ ಮುಂದೆ ಇಟ್ಟು ಆಮೇಲೆ ಕಾಲೇಜಿಗೆ ಕೊಟ್ಟು ಕಳಿಸಿದ್ದರಂತೆ. ಎಲ್ಲರೂ ಕೈಗೆ ತೆಗೆದುಕೊಂಡು ನೋಡಿದೆವು. ನನ್ನ ಮಗಳು ಪುಟ ತಿರುವುತ್ತಾ, "ಅಕ್ಕಾ, ಇದ್ರಲ್ಲಿ ನಿಮ್ಮ ಸರ್ ಯಾವುದನ್ನು ಬದಲಾಯಿಸು ಅಂದ್ರು?" ಎಂದು ಕೇಳಿದಳು.

"ಬದಲಾಯಿಸುವುದು ಎಂತದ್ದು? ಸರ್ ಸೈನ್ ಹಾಕಿ ಆಯ್ತಲ್ಲ."

ಕೇಳಿದವಳಿಗೆ ಉತ್ತರ ಅರ್ಥವಾಗಲಿಲ್ಲ. ಹೇಳಿದವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನಗೆ ಎರಡೂ ಅರ್ಥವಾಯಿತು.

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಆಗಷ್ಟೇ ಮೊದಲ ವರ್ಷ ಮುಗಿಸಿದ್ದಳು. ಮೊದಲ ವರ್ಷದ ಮಕ್ಕಳಿಗೆ ಬರವಣಿಗೆಯದೇ ಒಂದು ಪಾಠ ಕಡ್ಡಾಯ. ಎಂಜಿನಿಯರಿಂಗ್‌ನವರಿರಲಿ, ನರ್ಸಿಂಗ್‌ನವರಿರಲಿ, ಯಾರಿಗೂ ರಿಯಾಯಿತಿ ಇಲ್ಲ. ಇದು ಇಲ್ಲಿ ಹೊಸದೇನೂ ಅಲ್ಲ. ಹಾರ್ವರ್ಡ್‌ನಲ್ಲಿ 1885ರ ಹೊತ್ತಿಗೇ ಮೊದಲ ವರ್ಷಕ್ಕೆ ಇಂಥ ಪಾಠ ಇತ್ತು. ಮಗಳ ತರಗತಿಯಲ್ಲಿ ಸೆಮಿಸ್ಟರ್ ಕೊನೆಗೆ ಪರೀಕ್ಷೆ ಇರಲಿಲ್ಲ. ಬರೆದ ಪ್ರಬಂಧಗಳ ಮೊದಲ ಕರಡು, ಅದರ ಮೇಲೆ ಟೀಚರ್ ಬರೆದ ಮಾತು, ತಿದ್ದಿದ ಕರಡು, ಕೊನೆಯ ಪ್ರತಿ, ಎಲ್ಲವನ್ನೂ ಸೇರಿಸಿ ಒಂದು ಪೋರ್ಟ್‌ಫೋಲಿಯೊ ಮಾಡಿ ಕೊಡಬೇಕು. ಜೊತೆಗೆ ಒಂದು ಪತ್ರ: ಈ ಕೆಲವು ತಿಂಗಳಲ್ಲಿ ನನ್ನ ಬರವಣಿಗೆ ಎಲ್ಲಿ ಬದಲಾಯಿತು, ಯಾಕೆ ಬದಲಾಯಿತು ಅಂತ ಸ್ವಂತ ಬರಹದಿಂದಲೇ ಉದಾಹರಣೆ ಕೊಟ್ಟು ತೋರಿಸುವ ಪತ್ರ.

ಆ ಕಟ್ಟನ್ನು ಅವಳು ನನಗೆ ಓದಲು ಕೊಟ್ಟಳು. ನನಗೆ ಬಹಳ ಖುಷಿಯಾದದ್ದು ಕೊನೆಯ ಪ್ರತಿ ಚೆನ್ನಾಗಿದೆ ಎಂದಲ್ಲ. ಮೊದಲನೆಯದು ನಮ್ಮೂರಿನ ಯಾವುದೇ ಹುಡುಗಿ ಬರೆಯುವಷ್ಟೇ ಸಪ್ಪೆಯಾಗಿತ್ತಲ್ಲ, ಅದಕ್ಕೆ. ವಿಷಯ ಊರಿನ ಗ್ರಂಥಾಲಯ. ಮೊದಲ ಸಾಲು ಹೆಚ್ಚುಕಡಿಮೆ ಹೀಗೆ: 'ನಾಗರಿಕತೆ ಹುಟ್ಟಿದಂದಿನಿಂದ ಗ್ರಂಥಾಲಯಗಳು ಮನುಷ್ಯನಿಗೆ ಜ್ಞಾನದ ಬೆಳಕನ್ನು ನೀಡುತ್ತ ಬಂದಿವೆ.' ಪಕ್ಕದಲ್ಲಿ ಟೀಚರ್ ಬರೆದಿದ್ದರು: 'ಇದನ್ನು ಅಲ್ಲ ಅನ್ನುವವರು ಯಾರಾದರೂ ಇದ್ದಾರಾ? ಇಲ್ಲದಿದ್ದರೆ ಯಾಕೆ ಹೇಳುತ್ತಿದ್ದೀಯ?' ಇನ್ನೊಂದು ಕಡೆ, 'ಇದು ನಿನ್ನ ಮಾತಾ, ಓದಿದ ಪುಸ್ತಕದ ಮಾತಾ? ನನಗೆ ತಿಳಿಯುತ್ತಿಲ್ಲ.' ಅಂಕ ಹಾಕಿರಲಿಲ್ಲ. ಬೈಗುಳವೂ ಇಲ್ಲ.

ಎರಡನೇ ಕರಡಿಗೆ ನಾಗರಿಕತೆ ಮಾಯವಾಗಿತ್ತು. 'ನಮ್ಮ ಊರಿನ ಗ್ರಂಥಾಲಯ ಭಾನುವಾರ ಬಾಗಿಲು ಹಾಕುತ್ತದೆ. ವಾರವಿಡೀ ಎರಡು ಪಾಳಿ ದುಡಿಯುವ ತಾಯಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಯಾವಾಗ?' ಅಂತ ಶುರು. ರಜೆಯನ್ನು ಸೋಮವಾರಕ್ಕೆ ಬದಲಾಯಿಸಿ ಎನ್ನುವುದು ಅವಳ ವಾದ. ಅದರ ಪಕ್ಕ ಟೀಚರ್‌ದು ಮತ್ತೊಂದು ಪ್ರಶ್ನೆ: 'ಅಲ್ಲಿ ಕೆಲಸ ಮಾಡುವವರಿಗೂ ಮಕ್ಕಳಿದ್ದಾರಲ್ಲ?' ಮೂರನೇ ಕರಡಿನಲ್ಲಿ ಒಂದು ಇಡೀ ಪ್ಯಾರಾ ಆ ನೌಕರರ ಕಡೆಯಿಂದ ಬಂತು. ಅವರ ಭಾನುವಾರ ಹೋಗುವುದು ನಿಜ ಅಂತ ಒಪ್ಪಿಕೊಂಡು, ಪಾಳಿ ಹಂಚುವುದು ಹೇಗೆ ಅಂತ ಯೋಚಿಸಿದ್ದಳು. ಎದುರಿನವನ ಮಾತನ್ನು ಅವನ ಬಾಯಿಂದಲೇ ಬಂದ ಹಾಗೆ ಹೇಳಿ, ಆಮೇಲೆ ಉತ್ತರ ಕೊಡುವುದನ್ನು ಹದಿನೆಂಟರ ಹುಡುಗಿ ಅಷ್ಟು ಬೇಗ ಕಲಿತಳು. ಯಾರೋ ಭಾಷಣ ಮಾಡಿ ಕಲಿಸಿದ್ದಲ್ಲ. ಕಾಗದ ಹೋಗಿ ಬಂದು, ಹೋಗಿ ಬಂದು ಕಲಿತದ್ದು.

ನಾನು ಉಡುಪಿಯಲ್ಲಿ ಪದವಿ ಓದಿದ್ದು ತೊಂಬತ್ತರ ದಶಕದಲ್ಲಿ. ನಮ್ಮ ಮೇಷ್ಟ್ರುಗಳು ಒಳ್ಳೆಯವರು, ಓದಿಕೊಂಡವರು. ನೋಟ್ಸ್ ಹೇಳಿ ಬರೆಸುತ್ತಿದ್ದರು. ನಾವು ಬರೆದುಕೊಂಡೆವು, ಬಾಯಿಪಾಠ ಮಾಡಿದೆವು, ಪರೀಕ್ಷೆಯಲ್ಲಿ ಮೂರು ಗಂಟೆ ಕೈ ನೋಯುವ ತನಕ ಗೀಚಿದೆವು. ಅಡಿಷನಲ್ ಶೀಟ್ ಕೇಳಿದವನೇ ಬುದ್ಧಿವಂತ. ದಾರ ಕಟ್ಟಿ ಕೊಟ್ಟ ಮೇಲೆ ಆ ಉತ್ತರ ಪತ್ರಿಕೆಯನ್ನು ಈ ಜನ್ಮದಲ್ಲಿ ಮತ್ತೆ ಕಂಡದ್ದಿಲ್ಲ. ವಿಶ್ವವಿದ್ಯಾಲಯ ಇರುವ ಕೊಣಾಜೆಯ ಮಂಗಳಗಂಗೋತ್ರಿಯಿಂದ ವಾಪಸ್ ಬರುತ್ತಿದ್ದದ್ದು ಅಂಕ ಮಾತ್ರ. ಐವತ್ತೆಂಟು ಬಂದರೆ ಐವತ್ತೆಂಟು. ಯಾವ ಪ್ಯಾರಾ ಕೈಕೊಟ್ಟಿತು, ಎಲ್ಲಿ ವಾದ ಸಡಿಲವಾಯಿತು, ಯಾರಿಗೆ ಗೊತ್ತು? ರೀವ್ಯಾಲ್ಯುವೇಶನ್‌ಗೆ ದುಡ್ಡು ಕಟ್ಟಿದರೂ ಬರುವುದು ಇನ್ನೊಂದು ಅಂಕವೇ. ಮಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. ಅದಕ್ಕೂ ಮೊದಲು ಮೈಸೂರಿನ ಕೆಳಗೆ ಓದಿದ ನನ್ನ ದೊಡ್ಡಪ್ಪನ ಕಥೆಯೂ ಇದೇ. ಈಗ ಓದುವ ಅಣ್ಣನ ಮಗಳದೂ ಇದೇ ಎಂದು ಗೊತ್ತಾದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಅವಳ ಪ್ರಾಜೆಕ್ಟಿನ ವಿಷಯ ಕೇಳಿ. ಮಳೆಗಾಲದ ಮೀನುಗಾರಿಕೆ ನಿಷೇಧ ಮತ್ತು ಮಲ್ಪೆಯ ಮೀನು ಮಾರುವ ಹೆಂಗಸರು. ಎಷ್ಟು ಒಳ್ಳೆ ವಿಷಯ ಅಲ್ವಾ? ಆದರೆ ಒಳಗೆ ಹೋದರೆ ಎರಡು ಪುಟ ಕೃತಜ್ಞತೆ. ಆಮೇಲೆ ಪ್ರಮಾಣಪತ್ರ, ಘೋಷಣೆ. ಮೊದಲ ಅಧ್ಯಾಯ 'ಭಾರತವು ಹಳ್ಳಿಗಳ ದೇಶ' ಎಂದು ಶುರುವಾಗಿ, ಪ್ರಾಚೀನ ಕಾಲದ ಮೀನುಗಾರಿಕೆ ಹಾದು, ಮಲ್ಪೆಗೆ ಬರುವಾಗ ಅರ್ಧ ರಿಪೋರ್ಟ್ ಮುಗಿದಿತ್ತು. ಕೊನೆಗೆ ಬಣ್ಣದ ಪೈ ಚಾರ್ಟ್‌ಗಳು. ಪ್ರತಿ ಚಾರ್ಟಿನ ಕೆಳಗೆ, ಚಾರ್ಟಿನಲ್ಲಿ ಕಂಡದ್ದನ್ನೇ ಮತ್ತೆ ಹೇಳುವ ಒಂದು ಸಾಲು.

"ನೀನು ಬಂದರಿಗೆ ಹೋಗಿದ್ದೆಯಾ?" ಎಂದು ಕೇಳಿದೆ.

"ಹೋಗದೆ ಚಿಕ್ಕಪ್ಪ? ಫೆಬ್ರವರಿ ಇಡೀ ಹೋಗಿದ್ದೇನೆ. ಪುಸ್ತಕ ಉಂಟು ನನ್ನ ಹತ್ರ."

ಆ ಪುಸ್ತಕ ತಂದಳು. ಇನ್ನೂರು ಪುಟದ ಸಾದಾ ನೋಟ್‌ಬುಕ್. ಅರ್ಧ ತುಳು, ಅರ್ಧ ಕನ್ನಡ. ಅದರಲ್ಲಿ ಒಬ್ಬ ಹೆಂಗಸು ಹೇಳಿದ್ದು ಹೀಗಿತ್ತು: ಬೋಟ್ ನಿಂತರೂ ನನ್ನ ಬುಟ್ಟಿ ನಿಲ್ಲುವುದಿಲ್ಲ. ಜೂನ್ ಮೊದಲಿಗೆ ಒಣಮೀನು, ನಾಡದೋಣಿಯವರು ಹೋದ ದಿನ ಒಂಚೂರು ಹಸಿ ಮೀನು. ತಿಂಗಳ ನಡುವೆ ಆ ಕಡೆ ಕರಾವಳಿಯಿಂದ ಐಸ್ ಹಾಕಿದ ಮೀನು ಲಾರಿಯಲ್ಲಿ ಬರುತ್ತದೆ. ಅದಕ್ಕೆ ಮೊದಲೇ ದುಡ್ಡು ಕೊಡಬೇಕು. ದುಡ್ಡಿಗೆ ಸಾಲ. ಆ ಸಾಲ ತೀರುವುದು ಗಣೇಶ ಚೌತಿ ಕಳೆದ ಮೇಲೆ.

ಇದರ ಹಿಂದೆ ಎಷ್ಟು ದೊಡ್ಡ ವಿಷಯ ಇದೆ ನೋಡಿ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರ ತನಕ. ಅಲ್ಲಿ ಬೋಟ್‌ಗಳು ಮತ್ತೆ ಕಡಲಿಗೆ ಇಳಿದ ಮೇಲೆ ಇಲ್ಲಿಗೆ ಮೀನು ಬರುತ್ತದೆ. ಅಂದರೆ ನಿಷೇಧ ಬೋಟಿನವನಿಗೆ ಕೆಲಸದ ಬಿಡುವಾದರೆ, ಮಾರುವ ಹೆಂಗಸಿಗೆ ಸಾಲದ ತಿಂಗಳು. ಒಂದು ಪ್ರಬಂಧಕ್ಕೆ ಬೇಕಾದ ವಾದ ಪೂರ್ತಿ ಆ ನೋಟ್‌ಬುಕ್ಕಿನಲ್ಲಿತ್ತು. ರಿಪೋರ್ಟಿನಲ್ಲಿ ಇರಲಿಲ್ಲ.

ಯಾಕೆ ಹಾಕಲಿಲ್ಲ ಎಂದರೆ, "ಅದನ್ನೆಲ್ಲ ಹಾಕಿದ್ರೆ ಅಕಾಡೆಮಿಕ್ ಆಗುವುದಿಲ್ಲ ಅಂದ್ರು" ಎಂದಳು.

ಈ ಮಾತು ಹೇಳಿದವರ ಮೇಲೆ ನನಗೆ ಕೋಪವಿಲ್ಲ. ಆದರೆ ಈ ತಿಳಿವಳಿಕೆಯ ಮೇಲೆ ಇದೆ. ಅಕಾಡೆಮಿಕ್ ಅಂದರೆ ದಪ್ಪ ಶಬ್ದ, ಉದ್ದ ವಾಕ್ಯ, ಚಾರ್ಟು, ಬೈಂಡು ಎಂದಾಗಿಬಿಟ್ಟಿದೆ. ಯಾರು ಹೇಳಿದರು, ಯಾವಾಗ ಹೇಳಿದರು, ಅದರಿಂದ ನಾನು ಏನು ತಿಳಿದುಕೊಂಡೆ, ಇದನ್ನು ಒಪ್ಪದವರು ಏನೆನ್ನುತ್ತಾರೆ ಎಂದು ಕ್ರಮವಾಗಿ ಹೇಳುವುದೇ ಅಕಾಡೆಮಿಕ್. ಅದಕ್ಕೆ ಮಲ್ಪೆಯ ಹೆಂಗಸಿನ ಮಾತಿಗಿಂತ ಒಳ್ಳೆಯ ಆಧಾರ ಎಲ್ಲಿ ಸಿಗುತ್ತದೆ?

ನಕಲಿನ ಕಥೆಯೂ ಇಲ್ಲಿಗೇ ಬರುತ್ತದೆ. 2018ರಲ್ಲಿ ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರದ ಆಯೋಗ ಯುಜಿಸಿ ನಕಲು ತಡೆಯಲು ನಿಯಮ ತಂದಿತು. ಸ್ನಾತಕೋತ್ತರ ಮತ್ತು ಸಂಶೋಧನಾ ಪ್ರಬಂಧದಲ್ಲಿ ಶೇಕಡಾ 10ರ ತನಕ ಹೋಲಿಕೆಗೆ ದಂಡವಿಲ್ಲ. ಅದು ದಾಟಿದರೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಒಳ್ಳೆಯ ನಿಯಮ. ಆದರೆ ಹುಡುಗರು ಅದರಿಂದ ಕಲಿತದ್ದು ಶಬ್ದ ಬದಲಾಯಿಸುವುದನ್ನು. 'ಮುಖ್ಯ' ಇದ್ದಲ್ಲಿ 'ಪ್ರಮುಖ' ಹಾಕಿ, ವಾಕ್ಯದ ತಲೆ ಬಾಲ ತಿರುಗಿಸಿ, ಶೇಕಡಾವಾರು ಇಳಿಯಿತಾ ನೋಡುವುದು. ಈಗ ಚಾಟ್‌ಜಿಪಿಟಿ ಬಂದ ಮೇಲೆ ಆ ಕಷ್ಟವೂ ಇಲ್ಲ. ಕೊನೆಯ ಪ್ರತಿಯನ್ನು ಮಾತ್ರ ನೋಡುವ ಕಡೆ ಅದನ್ನು ಯಾರು ಬರೆದರು ಎಂದು ತಿಳಿಯುವುದು ಹೇಗೆ? ಮೂರು ಕರಡು ಕೇಳಿ, ಎರಡನೆಯದರಲ್ಲಿ ಈ ಪ್ಯಾರಾ ಯಾಕೆ ತೆಗೆದೆ ಎಂದು ಕೂರಿಸಿ ಕೇಳಿದರೆ ಬರೆದವರು ಯಾರೆಂದು ತಾನಾಗಿ ತಿಳಿಯುತ್ತದೆ.

ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ, 2021ರಲ್ಲಿ ನಮ್ಮ ಕಾಲೇಜುಗಳಿಗೆ ಬಂತು, 2024ರಲ್ಲಿ ಹೋಯಿತು. ಪದವಿ ನಾಲ್ಕು ವರ್ಷವೋ ಮೂರೋ ಎಂದು ಎಷ್ಟು ಜಗಳ! ಆ ಮೂರೋ ನಾಲ್ಕೋ ವರ್ಷದಲ್ಲಿ ಒಬ್ಬ ವಿದ್ಯಾರ್ಥಿ ತಾನು ಬರೆದದ್ದನ್ನು ಎಷ್ಟು ಸಲ ವಾಪಸ್ ಪಡೆದು ತಿದ್ದುತ್ತಾನೆ ಎಂದು ಯಾರೂ ಕೇಳಿದ್ದು ನಾನು ಕಾಣೆ.

ವಾದ ಮಾಡಲು ನಮ್ಮ ಜನಕ್ಕೆ ಬರುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಕೇಳಿ ಬೆಳೆದ ಊರು ನಮ್ಮದು. ವಾಲಿವಧೆಯ ದಿನ ವಾಲಿಯಾಗಿ ಮಾತಾಡುವ ಅರ್ಥಧಾರಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಕೇಳಿದರೆ ರಾಮನಾದವನು ತಪ್ಪಿಸಿಕೊಳ್ಳುವ ಹಾಗಿಲ್ಲ. ಪ್ರಶ್ನೆಯನ್ನು ಪೂರ್ತಿ ಎತ್ತಿಕೊಂಡು ಅದಕ್ಕೇ ಉತ್ತರ ಹೇಳಬೇಕು. ಜಾರಿಕೊಂಡರೆ ಎದುರು ಕೂತ ಅಜ್ಜಂದಿರಿಗೆ ತಕ್ಷಣ ಗೊತ್ತಾಗುತ್ತದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದವರು ಆ ಮಾತಿನ ಓಟ ಮರೆಯಲಿಕ್ಕಿಲ್ಲ. ಮಗಳ ಟೀಚರ್ ಪಕ್ಕದಲ್ಲಿ ಬರೆದ ಪ್ರಶ್ನೆಗಳೂ ಇದೇ ಜಾತಿಯವು. ನಮ್ಮಲ್ಲಿ ಅದು ರಂಗದಲ್ಲಿ ಉಳಿಯಿತು, ತರಗತಿಯೊಳಗೆ ಬರಲೇ ಇಲ್ಲ. ತಾಳಮದ್ದಳೆಯಿಂದ ರಾತ್ರಿ ಮನೆಗೆ ಬಂದ ಹುಡುಗ ಬೆಳಿಗ್ಗೆ ಕಾಲೇಜಿಗೆ ಹೋಗಿ ನೋಟ್ಸ್ ಬರೆದುಕೊಳ್ಳುತ್ತಾನೆ.

ಆಮೇಲೆ ನಡೆದದ್ದನ್ನೂ ಹೇಳಬೇಕು. ಅಣ್ಣನ ಮಗಳು ಹಟಕ್ಕೆ ಬಿದ್ದು ಮೂರನೇ ಅಧ್ಯಾಯವನ್ನು ನೋಟ್‌ಬುಕ್ ಮುಂದಿಟ್ಟುಕೊಂಡು ಹೊಸದಾಗಿ ಬರೆದಳು. ಅಂಕ ಆಗಲೇ ಬಂದಾಗಿತ್ತು, ಸುಮ್ನೆ ತನಗೋಸ್ಕರ. ವಾಟ್ಸ್ಯಾಪ್‌ನಲ್ಲಿ ಕಳಿಸಿದಳು. ಮಗಳಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಓದಲು ತಡವರಿಸುತ್ತಾಳೆ. ನಾನು ಓದಿ ಹೇಳಿದೆ, ಅವಳು ಟೀಚರ್ ಹಾಗೆ ಪ್ರಶ್ನೆ ಹಾಕಿದಳು. ಒಂದು ಕಡೆ, ಆ ಹೆಂಗಸು ಲಾರಿಯವನನ್ನು ಬೈದ ಸಾಲು ಯಾಕೆ, ತೆಗೆದರೆ ವಾದ ಚುರುಕಾಗುತ್ತದೆ ಎಂದಳು. ಉಡುಪಿಯಿಂದ ಉತ್ತರ ಬಂತು: "ಆ ಸಾಲು ತೆಗೆಯುವುದಿಲ್ಲ. ಬೈದದ್ದು ಲಾರಿಯವನನ್ನು ಅಲ್ಲ, ಬಡ್ಡಿಯನ್ನು. ಮುಂದಿನ ಸಾಲು ಓದು." ಓದಿದೆವು. ಹೌದು, ಅವಳು ಹೇಳಿದ್ದೇ ಸರಿ. ತನ್ನ ಬರಹದ ಒಂದು ಸಾಲನ್ನು ಕಾರಣ ಕೊಟ್ಟು ಕಾಯ್ದುಕೊಳ್ಳುವಷ್ಟು ಅವಳು ಬೆಳೆದಿದ್ದಳು, ಅದೂ ಎರಡೇ ಕರಡಿನಲ್ಲಿ.

ಇನ್ನೊಂದನ್ನೂ ಒಪ್ಪಬೇಕು, ಮನಸ್ಸಿಲ್ಲದಿದ್ದರೂ. ನನ್ನ ಮಗಳು ಗ್ರಂಥಾಲಯದ ಬಗ್ಗೆ ಅಷ್ಟೆಲ್ಲ ಬರೆದಳಲ್ಲ, ಎರಡು ಪಾಳಿ ದುಡಿಯುವ ಒಬ್ಬ ತಾಯಿಯನ್ನೂ ಹೋಗಿ ಮಾತಾಡಿಸಿರಲಿಲ್ಲ. ಎಲ್ಲ ಡೇಟಾಬೇಸಿನಿಂದ ತೆಗೆದದ್ದು. ಸ್ವಚ್ಛ ಬರಹ, ಆದರೆ ಯಾರ ದನಿಯೂ ಇಲ್ಲ. ಮೀನು ಕೊಯ್ಯುವವರ ಪಕ್ಕ ಕೂತು, ಅವರ ಭಾಷೆಯಲ್ಲೇ ಕೇಳಿ ಬರೆದುಕೊಳ್ಳುವ ವಿದ್ಯೆ ಅವಳಿಗೆ ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ.

ಮಂಗಳೂರಿನಲ್ಲಿ ಪಾಠ ಮಾಡುವ ನನ್ನ ಸಹಪಾಠಿಯೊಬ್ಬನಿಗೆ ಫೋನಿನಲ್ಲಿ ಇದನ್ನೆಲ್ಲ ಜೋರಾಗಿ ಹೇಳಿದೆ. ಅವನು ಪೂರ್ತಿ ಕೇಳಿ, "ಒಂದು ಕ್ಲಾಸಿಗೆ ಎಂಬತ್ತು ಮಕ್ಕಳು, ಅಂಥ ನಾಲ್ಕು ಕ್ಲಾಸು. ಒಂದು ಪೇಪರಿಗೆ ಹತ್ತೇ ನಿಮಿಷ ಅಂದ್ರೂ ಲೆಕ್ಕ ಹಾಕು ಮಾರಾಯ" ಎಂದ. ಐವತ್ತು ಗಂಟೆ ದಾಟುತ್ತದೆ. ಮಗಳ ತರಗತಿಯಲ್ಲಿ ಇಪ್ಪತ್ತು ಮಂದಿಯೂ ಇರಲಿಲ್ಲ. ಅವನ ಕಾಲೇಜಿನಲ್ಲಿ ಅರ್ಧಕ್ಕರ್ಧ ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ತಿಳಿಯದವರು. ಅವರ ಮೇಲೆ ಮೂರು ಕರಡು ಹೇರುವುದು ನ್ಯಾಯವಲ್ಲ.

ಆದರೂ ಅವನು ಒಂದು ದಾರಿ ಹುಡುಕಿಕೊಂಡಿದ್ದಾನೆ. ಇಡೀ ಪ್ರಬಂಧ ಕೇಳುವುದಿಲ್ಲ, ಒಂದು ಪ್ಯಾರಾ. ಮಕ್ಕಳು ಬೆಂಚಿನಲ್ಲೇ ಅದಲು ಬದಲು ಮಾಡಿಕೊಂಡು ಓದುತ್ತಾರೆ, ಪೆನ್ಸಿಲಿನಲ್ಲಿ ಎರಡು ಪ್ರಶ್ನೆ ಬರೆಯುತ್ತಾರೆ. ಮರುದಿನ ಅದೇ ಪ್ಯಾರಾ ಮತ್ತೆ. ಅವನು ನೋಡುವುದು ಎರಡನೆಯದನ್ನು ಮಾತ್ರ. ಶುರುವಿನಲ್ಲಿ ಮುಖ ಊದಿಸಿಕೊಂಡಿದ್ದರಂತೆ, ಬರೆದದ್ದನ್ನೇ ಎಂತಕ್ಕೆ ಬರೆಯುವುದು ಅಂತ. ಸೆಮಿಸ್ಟರ್ ನಡುವೆ ಒಬ್ಬ ಹುಡುಗ ಯಾರೂ ಹೇಳದೆ ಮೂರನೇ ಸಲ ಬರೆದು ತಂದನಂತೆ. ಇದಕ್ಕೆ ಸದ್ಯ ಅಧಿಕೃತವಾಗಿ ಒಂದು ಅಂಕವೂ ಇಲ್ಲ. ಇರುವ ಇಂಟರ್ನಲ್ ಅಂಕಗಳಲ್ಲೇ ಐದನ್ನು ಎರಡನೇ ಕರಡಿಗೆ ಎತ್ತಿಟ್ಟರೆ ಪಕ್ಕದ ಕ್ಲಾಸಿನವರೂ ಮಾಡುತ್ತಾರೆ ಎನ್ನುತ್ತಾನೆ ಅವನು. ಹೊಸ ಪಠ್ಯ ಬೇಡ, ಹೊಸ ಹುದ್ದೆಯೂ ಬೇಡ. ಪಠ್ಯಕ್ರಮ ತೀರ್ಮಾನಿಸುವ ಬೋರ್ಡ್ ಆಫ್ ಸ್ಟಡೀಸ್‌ನ ಮುಂದಿನ ಸಭೆಯಲ್ಲಿ ಈ ಐದು ಅಂಕದ ಮಾತು ಎತ್ತಿ ಎಂದು ಅಲ್ಲಿ ಕೂರುವವರನ್ನು ನಾನೂ ಕೇಳುತ್ತಿದ್ದೇನೆ.